ಕಲ್ಲಾದ ಮೀನಿನಿಂದ ಜೋಳದ ರೊಟ್ಟಿಯವರೆಗೆ

ಈ ಲೇಖನ ಒಂದು ತಪ್ಪಿನಿಂದ ಹುಟ್ಟಿತು, ತಪ್ಪು ನಮ್ಮದೇ. ಕೆಲವು ವರ್ಷಗಳ ಹಿಂದೆ ನಮ್ಮ ಸಂಘದ ರಾಜ್ಯೋತ್ಸವದ ಸಂಜೆ ಮುಖ್ಯ ಭಾಷಣಕಾರರು ಬರುವುದು ತಡವಾಯಿತು. ಕಾರ್ಯದರ್ಶಿಗಳು ನಮ್ಮನ್ನು ವೇದಿಕೆಗೆ ತಳ್ಳಿ, ಹತ್ತು ನಿಮಿಷ ಏನಾದರೂ ಮಾತನಾಡಿ ಸಭೆಯನ್ನು ಹಿಡಿದಿಡಿರೆಂದರು. ಬ್ಯಾಂಕಿನ ಗುಮಾಸ್ತನಿಗೆ ಭಾಷಣವೆಂದರೆ ಗೊತ್ತೇ ಇದೆ. ಆ ವಾರ ಓದಿದ್ದು ಬಾಯಿಗೆ ಬಂದಿತು. ಹೈದರಾಬಾದಿನ ವಿಜ್ಞಾನಿಗಳು ನಮ್ಮ ಮಲೆನಾಡಿಗೆ ಹೋಗಿ, ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ ಜನರ ಕೈಕಾಲು ಸೆಟೆಯುವ ರೋಗವನ್ನು ಕಂಡುಹಿಡಿದರೆಂದೂ, ಕೀಟನಾಶಕ ಬಿದ್ದ ಗದ್ದೆಯ ಏಡಿ ತಿಂದವರಿಗೆ ಆ ರೋಗ ಬಂದಿತೆಂದೂ ಗಟ್ಟಿಯಾಗಿ ಹೇಳಿ ಕೆಳಗಿಳಿದೆವು. ಚಪ್ಪಾಳೆಯೂ ಬಿದ್ದಿತು.

ಊಟದ ಸಾಲಿನಲ್ಲಿ ಸಾಗರದ ಕಡೆಯವರಾದ, ನಾವೆಲ್ಲ ದೊಡ್ಡಮ್ಮ ಎಂದೇ ಕರೆಯುವ ಹಿರಿಯರೊಬ್ಬರು ನಮ್ಮನ್ನು ನಿಲ್ಲಿಸಿಕೊಂಡರು. “ಏಡಿ ನಾವೂ ತಿಂದಿದೀವಿ ಕಣೋ ಮಾರಾಯ, ನಮ್ಮ ಕೇರಿಯಲ್ಲಿ ಎಲ್ರೂ ತಿಂದವರೇ. ನಮಗ್ಯಾಕೆ ಏನೂ ಆಗಲಿಲ್ಲ? ಆ ಮಾತು ಹಳೇದಾಯ್ತು. ಹೇಳೋಕೆ ಮುಂಚೆ ಒಂದು ಸಲ ವಿಚಾರಿಸಬಾರದಿತ್ತೇ?” ಎಂದರು. ನಮಗೆ ಉತ್ತರ ತೋಚಲಿಲ್ಲ. ಬ್ಯಾಂಕಿನಲ್ಲಿ ಒಮ್ಮೆ ಲೆಕ್ಕಕ್ಕೆ ಹತ್ತಿದ ತಪ್ಪು ನಮೂದನ್ನು ಅಳಿಸುವಂತಿಲ್ಲ. ಅದರ ಎದುರಿಗೆ ತಿರುಗು ನಮೂದು ಬರೆಯಬೇಕು. ಎರಡೂ ಪುಸ್ತಕದಲ್ಲಿ ಉಳಿಯಬೇಕು. ಈ ವರ್ಷ ಸ್ಮರಣ ಸಂಚಿಕೆಗೆ ಲೇಖನ ಬೇಕೆಂದಾಗ, ನಾವು ಅದೇ ಕೆಲಸಕ್ಕೆ ಕುಳಿತೆವು. ಹುಡುಕುತ್ತ ಹೋದಂತೆ ವಿಷಯ ನಾವೆಣಿಸಿದ್ದಕ್ಕಿಂತ ದೊಡ್ಡದಾಗಿ, ಹಂದಿಗೋಡಿನಿಂದ ಹಿಂದಕ್ಕೆ ಹದಿನೇಳು ಕೋಟಿ ವರ್ಷ ನಡೆಯಬೇಕಾಯಿತು. ವಾಚಕರು ನಮ್ಮೊಡನೆ ಸ್ವಲ್ಪ ನಡೆಯಬೇಕಾಗಿ ವಿನಂತಿ.

ನಮ್ಮ ವಾಸ ನಾಚಾರಮಿನಲ್ಲಿ. ಕಾರ್ಖಾನೆಗಳ ಊರು, ಬೆಳಗಿನ ಪಾಳಿಯ ಸೈಕಲ್ಲು, ಮೋಟಾರು ಬೈಕುಗಳ ನಡುವೆ ಷೇರ್ ಆಟೋ ಹಿಡಿದು ಹಬ್ಸಿಗೂಡಕ್ಕೆ ಬಂದರೆ ಅಲ್ಲಿ ಮೆಟ್ರೋ ರೈಲು. ಈ ಹಾದಿಯ ಮಹಿಮೆ ನಮಗೆ ಬಹುಕಾಲ ತಿಳಿದಿರಲಿಲ್ಲ. ಹಬ್ಸಿಗೂಡದ ಒಂದು ಮಗ್ಗುಲಲ್ಲಿ, ಉಪ್ಪಲ್ ರಸ್ತೆಯ ಮೇಲೆ, ಭೂಮಿಯ ಒಡಲನ್ನು ಅಳೆಯುವ ರಾಷ್ಟ್ರೀಯ ಭೂಭೌತ ಸಂಶೋಧನ ಸಂಸ್ಥೆ. ಅದೇ ರಸ್ತೆಯಲ್ಲಿ ಸಿ.ಸಿ.ಎಂ.ಬಿ. ಎಂದು ಎಲ್ಲರೂ ಕರೆಯುವ ಜೀವಕೋಶ ಮತ್ತು ಅಣುಜೀವವಿಜ್ಞಾನ ಕೇಂದ್ರ. ಇನ್ನೊಂದು ಮಗ್ಗುಲಲ್ಲಿ, ಮುಂದಿನ ನಿಲ್ದಾಣವಾದ ತಾರ್ನಾಕದ ಬಳಿ, ರಾಷ್ಟ್ರೀಯ ಪೋಷಣ ಸಂಸ್ಥೆ. ಅದೇ ರೈಲಿನಲ್ಲಿ ಕುಳಿತೇ ಇದ್ದರೆ ಬೇಗಂಪೇಟೆ. ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾ ಕಂಡ ಊರು. ಹತ್ತು ಮೈಲಿಯೂ ಇರದ ಈ ದಾರಿಯಲ್ಲಿ ನಾವು ದಿನವೂ ಫೋನು ನೋಡುತ್ತ ಹೋಗುತ್ತಿದ್ದೆವಲ್ಲ ಎಂದು ಈಗ ನಾಚಿಕೆಯಾಗುತ್ತದೆ.

ಕಥೆಯ ಮೊದಲು ಮಾತ್ರ ಈ ದಾರಿಯಲ್ಲಿಲ್ಲ. ಅದು ನಗರದಿಂದ ಈಶಾನ್ಯಕ್ಕೆ, ಪ್ರಾಣಹಿತಾ ನದಿ ಗೋದಾವರಿಯನ್ನು ಕೂಡುವ ಸೀಮೆಯಲ್ಲಿದೆ. ಅಲ್ಲಿ ಸಿರೋಂಚಾ ಬಳಿ ಕೋಟಾ ಎಂಬ ಹಳ್ಳಿ. ಹತ್ತೊಂಬತ್ತನೆಯ ಶತಮಾನದ ನಡುವೆ, ಕಲ್ಲಿದ್ದಲು ಸಿಕ್ಕೀತೆಂಬ ಆಸೆಯಿಂದ ಬೆಲ್ ಎಂಬ ವೈದ್ಯರು ಆ ನೆಲವನ್ನು ಕೊರೆಸಿದರು. ಅಲ್ಲಿನ ಸುಣ್ಣಕಲ್ಲಿನ ಪದರಗಳಲ್ಲಿ ಮೀನುಗಳಿದ್ದವು. ಮಿಸುಕದ, ಕಲ್ಲಾಗಿ ಹೋದ ಮೀನುಗಳು. ವಜ್ರಾಕೃತಿಯ ದಪ್ಪ ಹುರುಪೆಗಳು, ಅವುಗಳ ಮೇಲೆ ಹಲ್ಲಿನ ಮೇಲಿರುವಂಥ ಹೊಳಪು. ಅಂಥ ಕಲ್ಲು ಲಂಡನ್ನಿನ ಭೂಗರ್ಭ ಶಾಸ್ತ್ರ ಸಂಘವನ್ನು ಮುಟ್ಟಿತು. 1851ರಲ್ಲಿ ಕರ್ನಲ್ ಸೈಕ್ಸ್ ಅವರ ಬರಹದ ಜೊತೆಗೆ, ಕಲ್ಲುಮೀನುಗಳ ಸಂಗ್ರಹಕ್ಕೆ ಹೆಸರಾದ ಸರ್ ಫಿಲಿಪ್ ಎಗರ್ಟನ್ ಅದನ್ನು ವರ್ಣಿಸಿ, ‘ಲೆಪಿಡೋಟಸ್ ಡೆಕ್ಕನೆನ್ಸಿಸ್’ ಎಂದು ಹೆಸರಿಟ್ಟರು. ದಖ್ಖನಿನ ಮೀನು ಎಂದರ್ಥ. ನಮ್ಮ ದಖ್ಖನ್ನು ಶಾಸ್ತ್ರದ ಪುಸ್ತಕಕ್ಕೆ ಮೀನಿನ ಮೈಮೇಲೆ ಏರಿ ಹೋಗಿದ್ದು ಹೀಗೆ.

ಆ ಕಾಲಕ್ಕೆ ಕಲ್ಲುಮೀನಿನ ಶಾಸ್ತ್ರ ಹೊಸತು. ಸ್ವಿಟ್ಜರ್ಲೆಂಡಿನ ಲೂಯಿ ಅಗಾಸಿಜ್ 1833ರಿಂದ ಹತ್ತು ವರ್ಷ ಕಂತುಕಂತಾಗಿ ಪ್ರಕಟಿಸಿದ ಮಹಾಗ್ರಂಥ ಅದಕ್ಕೆ ಅಡಿಗಲ್ಲು. ಮೀನಿನ ಹುರುಪೆ ನೋಡಿ ಕುಲ ಹೇಳುವ ವಿದ್ಯೆಯನ್ನು ಆತ ಕಲಿಸಿದ. ಹುರುಪೆ ಇಟ್ಟುಕೊಂಡು ಏನು ಮಾಡಬೇಕು, ಅದರಿಂದ ಯಾರ ಹೊಟ್ಟೆ ತುಂಬೀತು ಎಂದು ಕೇಳುವವರು ಆಗಲೂ ಇದ್ದಿರಬೇಕು, ಈಗಲೂ ಇದ್ದಾರೆ. ನಾವೂ ಅಂಥವರಲ್ಲಿ ಒಬ್ಬರಾಗಿದ್ದೆವು. ಆದರೆ ಬೆಲ್ ಮಹಾಶಯರಿಗೆ ಬೇಕಾಗಿದ್ದ ಕಲ್ಲಿದ್ದಲಿನ ವಿಚಾರಕ್ಕೂ ಮೀನೇ ಸಾಕ್ಷಿ: ಯಾವ ಪದರದಲ್ಲಿ ಯಾವ ಮೀನು ಎಂಬುದರಿಂದ ಆ ಪದರದ ವಯಸ್ಸು ತಿಳಿಯುತ್ತದೆ, ವಯಸ್ಸು ತಿಳಿದರೆ ಕಲ್ಲಿದ್ದಲಿಗಾಗಿ ಎಲ್ಲಿ ಅಗೆಯಬೇಕು, ಎಲ್ಲಿ ಬಿಡಬೇಕು ಎಂಬ ಲೆಕ್ಕ ಹತ್ತುತ್ತದೆ. ಕೋಟಾದ ಮೀನುಗಳು ಜುರಾಸಿಕ್ ಯುಗದವು. ಗೋದಾವರಿಯ ಕಲ್ಲಿದ್ದಲು ಅದಕ್ಕಿಂತ ಎಷ್ಟೋ ಹಳೆಯ, ಕೆಳಗಿನ ಪದರಗಳದ್ದು.

ಈ ಕಥೆ ನೂರು ವರ್ಷ ಮಲಗಿ ಎದ್ದದ್ದು ಕಲ್ಕತ್ತೆಯ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯಿಂದ. ಸಂಖ್ಯಾಶಾಸ್ತ್ರಕ್ಕೂ ಮೂಳೆಗೂ ಏನು ಸಂಬಂಧ ಎನ್ನಬಹುದು. ಮಹಾಲನೋಬಿಸರಂಥವರಿಗೆ ಎಲ್ಲದಕ್ಕೂ ಸಂಬಂಧವಿತ್ತು. ಅವರು ಲಂಡನ್ನಿನಿಂದ ಪಮೇಲಾ ರಾಬಿನ್‌ಸನ್ ಎಂಬ ವಿದುಷಿಯನ್ನು ಕರೆಸಿ ಅಲ್ಲಿ ಭೂಗರ್ಭ ವಿಭಾಗ ತೆರೆಸಿದರು. ಜೆ. ಬಿ. ಎಸ್. ಹಾಲ್ಡೇನ್ ಕೂಡ 1957ರಲ್ಲಿ ಆ ಸಂಸ್ಥೆಗೆ ಬಂದರು. ಪ್ರಾಣಹಿತಾ–ಗೋದಾವರಿ ಕಣಿವೆಯಲ್ಲಿ ಈ ತಂಡದವರು ತೆಗೆದ ಮೂಳೆಗಳಿಂದ ಒಂದು ಮಹಾಕಾಯ ಎದ್ದು ನಿಂತಿತು. ಅದಕ್ಕೆ 1975ರಲ್ಲಿ ಇಟ್ಟ ಹೆಸರು ‘ಬರಪಾಸಾರಸ್ ಟಾಗೋರೈ’: ದೊಡ್ಡ ಕಾಲಿನ ಹಲ್ಲಿ, ಠಾಕೂರರ ನೆನಪಿಗೆ. ಹೈದರಾಬಾದಿನ ಮಕ್ಕಳು ನೌಬತ್ ಪಹಾಡಿನ ಬಿರ್ಲಾ ವಿಜ್ಞಾನ ಕೇಂದ್ರದಲ್ಲಿ ನೋಡುವುದು ಅದರ ದಾಯಾದಿ ಕೋಟಾಸಾರಸ್ಸನ್ನು. ಅದರ ಮೂಳೆಗಳು ಆದಿಲಾಬಾದು ಸೀಮೆಯ ಯಾಮನಪಲ್ಲಿಯವು, ಹೆಸರಿಟ್ಟದ್ದು 1988ರಲ್ಲಿ. ನಾವು ಮನೆಯ ಹುಡುಗರನ್ನು ಕರೆದುಕೊಂಡು ಹೋದಾಗ ಅವರು ಅದರ ಕುತ್ತಿಗೆಯನ್ನು ನೋಡಿದರು, ನಾವು ಅದರ ಮಂಡಿಯನ್ನು ನೋಡಿದೆವು. ಕಾರಣ ಮುಂದೆ ತಿಳಿಯುತ್ತದೆ.

ಅದೇ ಕೋಟಾದ ಸುಣ್ಣಕಲ್ಲಿನಿಂದ ಸೋಹನಲಾಲ್ ಜೈನ್ 1974ರಲ್ಲಿ ‘ಇಂಡೋಸೀಲಕಾಂಥಸ್’ ಎಂಬ ಮೀನನ್ನು ವರ್ಣಿಸಿದರು. ಸೀಲಕಾಂತ್ ಎಂಬ ಕುಲದ ಮೀನುಗಳಿಗೆ ಈಜುರೆಕ್ಕೆಯ ಬುಡದಲ್ಲಿ ಮಾಂಸವೂ ಮೂಳೆಯೂ ಇರುವ ತುಂಡುಗೈ ಇರುತ್ತದೆ. ಈ ಕುಲ ಏಳು ಕೋಟಿ ವರ್ಷಗಳ ಹಿಂದೆಯೇ ಹೇಳಹೆಸರಿಲ್ಲದೆ ಹೋಯಿತೆಂದು ಪಂಡಿತರೆಲ್ಲ ನಂಬಿದ್ದರು. ಆದರೆ 1938ರ ಡಿಸೆಂಬರಿನಲ್ಲಿ ದಕ್ಷಿಣ ಆಫ್ರಿಕದ ಮೀನುದೋಣಿಯೊಂದರ ರಾಶಿಯಲ್ಲಿ, ಆಗತಾನೆ ಹಿಡಿದ ಸೀಲಕಾಂತ್ ಮಾರ್ಜರಿ ಕೋರ್ಟ್‌ನಿ ಲ್ಯಾಟಿಮರ್ ಎಂಬ ತರುಣಿಯ ಕಣ್ಣಿಗೆ ಬಿದ್ದಿತು. 2013ರಲ್ಲಿ ಅದರ ವಂಶವಾಹಿಗಳನ್ನೆಲ್ಲ ಓದಿ ಮುಗಿಸಿದರು. ಅದರ ಒಂದು ತುಣುಕನ್ನು ಇಲಿಯಲ್ಲಿ ಇರಿಸಿ ನೋಡಿದಾಗ, ಇಲಿಯ ಕಾಲು ಮೂಡುವ ಎಡೆಯಲ್ಲಿ ಅದು ಕೆಲಸ ಮಾಡಿತಂತೆ. ಮೀನಿನ ರೆಕ್ಕೆಗೆ ಅಪ್ಪಣೆ ಕೊಡುವ ಬರಹವನ್ನು ಇಲಿಯ ಕಾಲು ಓದಬಲ್ಲದು! ಇಲಿ ಓದಿದರೆ ನಾವೂ ಓದಿದಂತೆಯೇ. ಮೊದಲು ಮೆಲುಮೂಳೆ, ಆಮೇಲೆ ಗಟ್ಟಿಮೂಳೆ ಎಂಬ ಕ್ರಮದಲ್ಲಿಯೇ ಮೀನೂ ಮನುಷ್ಯನೂ ಬಹುಪಾಲು ಅಸ್ಥಿಪಂಜರವನ್ನು ಕಟ್ಟಿಕೊಳ್ಳುತ್ತಾರೆ. ಆದಕಾರಣ ಮನುಷ್ಯನ ಮೂಳೆಯ ರೋಗವನ್ನು ತಿಳಿಯಲು ಮೀನನ್ನು ಸಾಕುವ ಪ್ರಯೋಗಶಾಲೆಗಳು ಇಂದು ಎಲ್ಲೆಡೆ ಇವೆ.

ಹಾಗೆ ಸಾಕುವ ಮೀನು ಯಾವುದೆಂದರೆ, ನಮ್ಮ ದೇಶದ ಹೊಳೆ, ಗದ್ದೆಗಳ ಪಟ್ಟೆಮೀನು. ಬೆರಳಿನ ಎರಡು ಗಿಣ್ಣಿನಷ್ಟು ಉದ್ದ. ಇದನ್ನು 1822ರಲ್ಲಿ ಗಂಗೆಯ ಮೀನುಗಳ ಪುಸ್ತಕದಲ್ಲಿ ಮೊದಲು ವರ್ಣಿಸಿದವರು ಫ್ರಾನ್ಸಿಸ್ ಬುಕಾನನ್, ಆಮೇಲಿನ ಹೆಸರು ಹ್ಯಾಮಿಲ್ಟನ್. ಕನ್ನಡಿಗರಿಗೆ ಈ ಹೆಸರು ಹೊಸದಲ್ಲ. ಶ್ರೀರಂಗಪಟ್ಟಣ ಬಿದ್ದ ಮರುವರ್ಷ, 1800ರಲ್ಲಿ, ಮದರಾಸಿನಿಂದ ಹೊರಟು ಮೈಸೂರು, ಮಲಬಾರು, ಕನ್ನಡ ಜಿಲ್ಲೆಗಳನ್ನು ಸುತ್ತಿ, ಯಾವ ಊರಲ್ಲಿ ಯಾವ ಪೈರು, ಯಾವ ಜನ, ಎಷ್ಟು ಕಂದಾಯ ಎಂದು ಬರೆದಿಟ್ಟ ಬುಕಾನನ್ ಇವರೇ. ಕರಾವಳಿಯಿಂದ ಘಟ್ಟ ಹತ್ತಿ ಇಕ್ಕೇರಿ, ಬಿದನೂರುಗಳ ಸೀಮೆಯನ್ನು ಹಾದು ಹೋದವರು. ಅಂದರೆ ಸಾಗರದ ಗದ್ದೆಗಳ ಬದುವಿನ ಮೇಲೆ ನಡೆದವರು. ತಾವು ಮುಂದೆ ಹೆಸರಿಸಲಿರುವ ಮೀನು ಒಂದು ದಿನ ಮನುಷ್ಯರ ಮೂಳೆಯ ಗುಟ್ಟು ಹೇಳುವುದೆಂದು ಆ ಸರ್ಕಾರಿ ವೈದ್ಯರು ಕನಸಿನಲ್ಲಿಯೂ ಎಣಿಸಿರಲಾರರು. ಮನುಷ್ಯನ ವಂಶವಾಹಿಗಳಲ್ಲಿ ನೂರಕ್ಕೆ ಎಪ್ಪತ್ತಕ್ಕೆ ಈ ಮೀನಿನಲ್ಲಿ ಜೋಡಿ ಇದೆಯೆಂದು 2013ರಲ್ಲಿ ಲೆಕ್ಕ ಸಿಕ್ಕಿತು.

ಇನ್ನು ರೋಗದ ಮಾತಿಗೆ ಬರೋಣ. ಬೇಗಂಪೇಟೆಯ ರೊನಾಲ್ಡ್ ರಾಸ್ ಕಥೆ ಶಾಲೆಯ ಪುಸ್ತಕದಲ್ಲಿದೆ. ಅದನ್ನು ಇಲ್ಲಿ ಬೆಳೆಸುವುದಿಲ್ಲ. ರಾಸ್ 1883ರಲ್ಲಿ ನಮ್ಮ ಬೆಂಗಳೂರು ದಂಡಿನಲ್ಲಿದ್ದಾಗ ಕಿಟಕಿಯ ಹೊರಗಿನ ಪೀಪಾಯಿಯ ನೀರಿನಲ್ಲಿ ಸೊಳ್ಳೆಮರಿಗಳನ್ನು ಕಂಡು, ನೀರನ್ನು ಚೆಲ್ಲಿಸಿ, ಸೊಳ್ಳೆಯ ಕಾಟ ತಗ್ಗಿದ್ದನ್ನು ಗಮನಿಸಿದ್ದರೆಂಬುದನ್ನು ಮಾತ್ರ ಅಭಿಮಾನಕ್ಕಾಗಿ ಸೇರಿಸುತ್ತೇವೆ. ನಮಗೆ ಮುಖ್ಯವಾಗಿ ಬೇಕಾದುದು 1897ರ ಆಗಸ್ಟ್ ತಿಂಗಳ ಒಂದು ಖರ್ಚಿನ ಬಾಬ್ತು. ಹುಸೇನ್ ಖಾನ್ ಎಂಬ ಮಲೇರಿಯಾ ರೋಗಿಯನ್ನು ರಾಸ್ ಸೊಳ್ಳೆಗಳಿಂದ ಕಚ್ಚಿಸಿದರು. ಕಚ್ಚಿದ ಸೊಳ್ಳೆಯೊಂದಕ್ಕೆ ಒಂದಾಣೆ ಕೂಲಿ. ಹತ್ತು ಸೊಳ್ಳೆ ಕಚ್ಚಿದವು, ಹತ್ತಾಣೆ ಸಂದಾಯವಾಯಿತು. ಅವುಗಳಲ್ಲಿ ಒಂದನ್ನು ಸೀಳಿ, ಅದರ ಜಠರದ ಗೋಡೆಯಲ್ಲಿ ಕಪ್ಪು ಕಣಗಳಿದ್ದ ಜೀವಕೋಶಗಳನ್ನು ಆಗಸ್ಟ್ 20ರಂದು ಕಂಡರು. ರಾಸ್ ಅವರಿಗೆ 1902ರಲ್ಲಿ ನೊಬೆಲ್ ಪಾರಿತೋಷಕ ಬಂದಿತು. ಗುಮಾಸ್ತನ ಬುದ್ಧಿ ಬೇರೆ ಏನನ್ನು ನೋಡೀತು? ಹತ್ತಾಣೆ ಕೊಟ್ಟದ್ದನ್ನೂ, ಕೊಟ್ಟವನ ಹೆಸರನ್ನೂ ರಾಸ್ ಬರೆದಿಟ್ಟರಲ್ಲ, ಅದೇ ದೊಡ್ಡ ಮಾತು. ಕೋಟಾದಲ್ಲಿ ಕಲ್ಲೆತ್ತಿದವರ ಹೆಸರು ನಮಗೆ ಎಲ್ಲಿಯೂ ಸಿಕ್ಕಲಿಲ್ಲ.

ಹಾಲ್ಡೇನರ ವಿಚಾರ ಇಲ್ಲಿ ಒಂದು ಮಾತು ಹೇಳಿಬಿಡಬೇಕು. ಮಲೇರಿಯಾ ಹೆಚ್ಚಿರುವ ನಾಡುಗಳಲ್ಲಿ ಕೆಲವು ರಕ್ತದೋಷಗಳು ವಂಶದಲ್ಲಿ ಉಳಿದುಬರುವುದಕ್ಕೆ ಮಲೇರಿಯಾದಿಂದ ಅವು ಕೊಡುವ ರಕ್ಷಣೆಯೇ ಕಾರಣವಿರಬಹುದೆಂದು 1949ರಲ್ಲಿಯೇ ಊಹಿಸಿದವರು ಅವರು. ಕೋಟಾದ ಪದರಗಳಲ್ಲಿ ಸಿಕ್ಕಿದ ಇಲಿಗಾತ್ರದ ಸ್ತನಿಯೊಂದಕ್ಕೆ 1981ರಲ್ಲಿ ಅವರ ಹೆಸರಿಟ್ಟು ‘ಕೋಟಾಥೀರಿಯಂ ಹಾಲ್ಡೇನೈ’ ಎಂದರು. 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡಾಗ ಅವರ ಇಚ್ಛೆಯಂತೆ ದೇಹವನ್ನು ಕಾಕಿನಾಡದ ರಂಗರಾಯ ವೈದ್ಯಕೀಯ ಕಾಲೇಜಿಗೆ ಕೊಟ್ಟರು. ಇತರರ ಮೈಯಿಂದ ಶಾಸ್ತ್ರ ಕಲಿತವರು ತಮ್ಮ ಮೈಯನ್ನೂ ಕೊಟ್ಟು ಬಾಕಿ ತೀರಿಸಿದರೆಂದು ನಮಗೆ ತೋರುತ್ತದೆ.

ಈಗ ತಾರ್ನಾಕ ನಿಲ್ದಾಣ. ರಾಷ್ಟ್ರೀಯ ಪೋಷಣ ಸಂಸ್ಥೆ ಹುಟ್ಟಿದ್ದು ಇಲ್ಲಲ್ಲ, ನೀಲಗಿರಿಯ ಕೂನೂರಿನಲ್ಲಿ. 1918ರಲ್ಲಿ ರಾಬರ್ಟ್ ಮೆಕ್ಯಾರಿಸನ್ ಬೆರಿಬೆರಿ ರೋಗದ ವಿಚಾರಣೆಗೆಂದು ಒಂದು ಕೋಣೆಯಲ್ಲಿ ತೊಡಗಿದ ಕೆಲಸ ಅದು. 1958ರಲ್ಲಿ ಹೈದರಾಬಾದಿಗೆ ಬಂದಿತು. ಈಗಿನ ಹೆಸರು 1969ರದು. ಅದು ಇಲ್ಲಿಗೆ ಬಂದ ಕಾಲ ನಮ್ಮವರಿಗೆ ಚೆನ್ನಾಗಿ ನೆನಪಿರುವ ಕಾಲ. ಬೀದರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳು 1956ರ ನವೆಂಬರ್ 1ರಂದು ಹೈದರಾಬಾದ್ ಸಂಸ್ಥಾನವನ್ನು ಬಿಟ್ಟು ಕನ್ನಡ ನಾಡನ್ನು ಸೇರಿ ಎರಡು ವರ್ಷವಾಗಿತ್ತು ಅಷ್ಟೆ. ನಾಡು ಬೇರೆಯಾಯಿತು, ಹಿಟ್ಟು ಬೇರೆಯಾಗಲಿಲ್ಲ. ಗಡಿಯ ಈಚೆಗೂ ಆಚೆಗೂ ಬಡವರು ತಿಂದದ್ದು ಜೋಳ.

ಆ ದಿನಗಳಲ್ಲಿ ಹೈದರಾಬಾದಿನ ಆಸ್ಪತ್ರೆಗಳಿಗೆ ಪೆಲ್ಲಾಗ್ರ ಎಂಬ ರೋಗದವರು ಬರುತ್ತಿದ್ದರು. ಬಿಸಿಲು ತಾಗುವ ಕಡೆಯಲ್ಲೆಲ್ಲ, ಅಂಗೈ ಹಿಂಭಾಗ, ಪಾದ, ಕುತ್ತಿಗೆಯ ಸುತ್ತ, ಚರ್ಮ ಸುಟ್ಟಂತೆ ಕಪ್ಪಾಗಿ ಒಡೆಯುತ್ತದೆ, ಭೇದಿ ಹತ್ತುತ್ತದೆ, ಹೆಚ್ಚಾದರೆ ಬುದ್ಧಿ ಕದಡುತ್ತದೆ. ನಮ್ಮ ಊರು ಸೇಡಂ ಕಡೆಯದು. ಕೂಲಿಗೆ ಬರುತ್ತಿದ್ದ ಕೆಲವರ ಕುತ್ತಿಗೆಗೆ ಕರಿಯ ಹಾರ ಹಾಕಿದಂತೆ ಇರುತ್ತಿತ್ತೆಂದು ನಮ್ಮ ಅಜ್ಜಿ ಹೇಳುತ್ತಿದ್ದರು. “ಬಿಸಲಾಗ ದುಡದು ದುಡದು ಚರ್ಮ ಸುಟ್ಟದ, ಮತ್ತೇನಿಲ್ಲ” ಎಂಬುದು ಊರವರ ತೀರ್ಮಾನ. ಅದು ಹಸಿವೆಯ ಗುರುತೆಂದು ಯಾರೂ ತಿಳಿಯಲಿಲ್ಲ.

ಯೂರೋಪು, ಅಮೆರಿಕಗಳಲ್ಲಿ ಇದು ಮೆಕ್ಕೆಜೋಳ ತಿನ್ನುವ ಬಡವರ ರೋಗ. ಕೀಟಾಣುವಿನಿಂದ ಬರುವುದಲ್ಲ, ಊಟದ ಕೊರತೆಯಿಂದ ಬರುವುದೆಂದು ಜೋಸೆಫ್ ಗೋಲ್ಡ್‌ಬರ್ಗರ್ 1915ರ ಸುಮಾರಿಗೆ ತೋರಿಸಿದರು. ಕೊರತೆ ನಯಾಸಿನ್ ಎಂಬ ಜೀವಸತ್ವದ್ದೆಂದು 1937ರಲ್ಲಿ ಗೊತ್ತಾಯಿತು. ಮೆಕ್ಕೆಜೋಳದಲ್ಲಿ ನಯಾಸಿನ್ ಇದ್ದರೂ ಬಿಗಿಯಾಗಿ ಕಟ್ಟಿಕೊಂಡಿರುತ್ತದೆ. ಮೆಕ್ಸಿಕೋದವರು ಸುಣ್ಣದ ನೀರಿನಲ್ಲಿ ಬೇಯಿಸಿ ಆ ಕಟ್ಟನ್ನು ಬಿಡಿಸುತ್ತಿದ್ದರು. ನಮ್ಮ ಬಿಳಿಜೋಳದ ಒಗಟು ಬೇರೆ. ಅದರಲ್ಲಿರುವ ನಯಾಸಿನ್ ಅಕ್ಕಿಯಲ್ಲಿರುವುದಕ್ಕಿಂತ ಕಡಮೆಯೇನಲ್ಲ. ಹಾಗಿದ್ದರೆ ಅನ್ನ ತಿನ್ನುವ ಬಡವನಿಗೆ ಬಾರದ ರೋಗ ರೊಟ್ಟಿ ತಿನ್ನುವ ಬಡವನಿಗೆ ಏಕೆ?

ಇದಕ್ಕೆ ಉತ್ತರವೆಂದು ಸಿ. ಗೋಪಾಲನ್ ಮತ್ತು ಎಸ್. ಜಿ. ಶ್ರೀಕಂಠಯ್ಯ 1960ರಲ್ಲಿ ಲಂಡನ್ನಿನ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಒಂದು ವಾದವನ್ನು ಮುಂದಿಟ್ಟರು. ಜೋಳದ ಸಸಾರಜನಕದಲ್ಲಿ ಲ್ಯೂಸಿನ್ ಎಂಬ ಅಂಶ ಅತಿಯಾಗಿದೆ. ನಮ್ಮ ದೇಹ ಟ್ರಿಪ್ಟೊಫಾನ್ ಎಂಬ ಇನ್ನೊಂದು ಅಂಶದಿಂದ ಸ್ವಲ್ಪ ನಯಾಸಿನ್ ತಯಾರಿಸಿಕೊಳ್ಳುತ್ತದೆ. ಲ್ಯೂಸಿನ್ ಹೆಚ್ಚಾದರೆ ಆ ಕೆಲಸಕ್ಕೆ ಅಡ್ಡಿ. ಅಂದರೆ ಇಲ್ಲಿ ರೋಗ ಬರಿಯ ಕೊರತೆಯದಲ್ಲ, ಅಸಮತೋಲನದ್ದು. 1969ರಲ್ಲಿ ಇದೇ ವಿಷಯದ ಮೇಲೆ ನಾಯಿಗಳ ಕರಿನಾಲಗೆ ರೋಗವನ್ನು ಸೇರಿಸಿ ಬರೆದ ಲೇಖನದಲ್ಲಿ ಗೋಪಾಲನ್ನರೊಡನೆ ಬೆಳವಾಡಿ ಎಂಬ ಹೆಸರಿದೆ. ಬರಿಯ ಹೆಸರು ನೋಡಿ ನಮ್ಮವರೆಂದು ಎದೆಯುಬ್ಬಿಸುವುದು ಸರಿಯಲ್ಲ. ಆದರೂ ರಾಜ್ಯೋತ್ಸವದ ಸಂಚಿಕೆಯಲ್ಲಿ ಇಷ್ಟು ಸ್ವಾತಂತ್ರ್ಯವನ್ನು ವಾಚಕರು ಮನ್ನಿಸಿಯಾರು. ಶ್ರೀಕಂಠಯ್ಯನವರು ಮುಂದೆ ಸಂಸ್ಥೆಯ ನಿರ್ದೇಶಕರಾಗಿ, ತರುವಾಯ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಪಾಠ ಹೇಳಿದರು.

ಈ ವಾದವನ್ನು ಎಲ್ಲರೂ ಒಪ್ಪಲಿಲ್ಲ. ಪರದೇಶದ ಕೆಲವು ಪ್ರಯೋಗಶಾಲೆಗಳಲ್ಲಿ ಇಲಿಗಳ ಮೇಲೆ ಮಾಡಿದ ಪರೀಕ್ಷೆ ಅದಕ್ಕೆ ಕೂಡಿಬರಲಿಲ್ಲ. ಬಹುಕಾಲ ಜಗ್ಗಾಟ ನಡೆಯಿತು. ನಾವು ತೀರ್ಪು ಕೊಡುವ ಯೋಗ್ಯತೆಯವರಲ್ಲ. ಆದರೆ ಒಂದು ಮಾತನ್ನು ಖಂಡಿತವಾಗಿ ಹೇಳಬಲ್ಲೆವು, ಏಕೆಂದರೆ ಅದಕ್ಕೆ ನಮ್ಮ ಮನೆಯೇ ಸಾಕ್ಷಿ. ನಮ್ಮ ಮನೆಯಲ್ಲಿ ಮೂರು ಹೊತ್ತೂ ರೊಟ್ಟಿ ತಿಂದವರು ಎಂಬತ್ತು ದಾಟಿದ್ದಾರೆ. ಯಾರ ಕುತ್ತಿಗೆಗೂ ಕರಿಯ ಹಾರ ಬೀಳಲಿಲ್ಲ. ಕಾರಣವೇನು? ಅವರ ರೊಟ್ಟಿಯ ಜೊತೆಗೆ ತೊಗರಿಬೇಳೆ ಇತ್ತು, ಪುಂಡಿಪಲ್ಲೆ ಇತ್ತು, ಶೇಂಗಾದ ಹಿಂಡಿ ಇತ್ತು, ಮೊಸರಿತ್ತು. ಕೂಲಿಯವನ ರೊಟ್ಟಿಯ ಜೊತೆಗೆ ಉಪ್ಪು, ಖಾರ, ಹೆಚ್ಚೆಂದರೆ ಒಂದು ಉಳ್ಳಾಗಡ್ಡಿ. ರೋಗ ರೊಟ್ಟಿಯದಲ್ಲ, ಬರಿಯ ರೊಟ್ಟಿಯದು. ತಾರ್ನಾಕದ ಪಂಡಿತರೂ ಜೋಳವನ್ನು ಬಿಡಿರೆಂದು ಹೇಳಲಿಲ್ಲ. ಲ್ಯೂಸಿನ್ ಕಡಮೆಯಿರುವ ತಳಿಗಳನ್ನು ಹುಡುಕಬೇಕೆಂದರು, ಊಟ ಬೆರಕೆಯಾಗಿರಬೇಕೆಂದರು.

ಇದನ್ನು ಇಷ್ಟು ಬೆಳೆಸಿ ಹೇಳಲು ಕಾರಣವಿದೆ. ಕಳೆದ ಸಲ ಸಂಘದ ಊಟದಲ್ಲಿ ಮಿತ್ರರೊಬ್ಬರು, ಜೋಳ ತಿಂದರೆ ಹುಚ್ಚು ಹಿಡಿಯುತ್ತದೆಂದು ಹೈದರಾಬಾದಿನಲ್ಲಿಯೇ ಕಂಡುಹಿಡಿದಿದ್ದಾರಂತೆ ಎಂದು ಎಲೆಯಿಂದ ರೊಟ್ಟಿಯನ್ನು ಪಕ್ಕಕ್ಕೆ ಸರಿಸಿದರು. ಎದುರು ಕುಳಿತವರು, 2023ನೆಯ ವರ್ಷವನ್ನು ವಿಶ್ವಸಂಸ್ಥೆಯೇ ಸಿರಿಧಾನ್ಯದ ವರ್ಷವೆಂದು ಸಾರಿತಲ್ಲ, ಜೋಳ ತಿಂದರೆ ಸಕಲ ರೋಗವೂ ಹೋಗುತ್ತದೆಂದು ನಾಲ್ಕು ರೊಟ್ಟಿ ಹಾಕಿಸಿಕೊಂಡರು. ಇಬ್ಬರೂ ಓದಿದವರೇ. ಬಡವ ತಿನ್ನುವಾಗ ರೋಗವಾದ ಹಿಟ್ಟು ಉಳ್ಳವರು ತಿನ್ನುವಾಗ ಔಷಧಿಯಾಗುವುದನ್ನು ನೋಡಿ ನಮ್ಮ ಅಜ್ಜಿ ಇದ್ದಿದ್ದರೆ ನಗುತ್ತಿದ್ದರು.

ಹಂದಿಗೋಡಿನ ಮಾತಿಗೆ ಬಂದೆವು. 1974–75ರ ಸುಮಾರಿಗೆ ಆ ಹಳ್ಳಿಯಲ್ಲಿ ಮೂಳೆಯ ರೋಗವೊಂದು ಹೊರಗಿನವರ ಗಮನಕ್ಕೆ ಬಂದಿತು. ಸೊಂಟ, ಮಂಡಿಗಳ ಕೀಲು ನೋಯುತ್ತದೆ, ಸವೆಯುತ್ತದೆ. ಬರಬರುತ್ತ ನೆಟ್ಟಗೆ ನಿಲ್ಲಲಾಗದು. ಕೆಲವರು ಕೈಯೂರಿಕೊಂಡು ನಡೆಯುವ ಸ್ಥಿತಿ. ಕೆಲವು ಮಕ್ಕಳು ಕುಳ್ಳಾಗಿಯೇ ಉಳಿಯುತ್ತಾರೆ. ರೋಗ ಕಂಡದ್ದು ಬಹುಮಟ್ಟಿಗೆ ದಲಿತ ಸಮುದಾಯಗಳಲ್ಲಿ. ಇನ್ನೊಬ್ಬರ ಗದ್ದೆಯಲ್ಲಿ ದುಡಿಯುವ ಕುಟುಂಬಗಳಲ್ಲಿ. ಮುಂದೆ ಶಿವಮೊಗ್ಗ, ಚಿಕ್ಕಮಗಳೂರು ಜಿಲ್ಲೆಗಳ ಇತರ ಹಳ್ಳಿಗಳಲ್ಲಿಯೂ ಕಂಡಿತು. ತಾರ್ನಾಕದಿಂದ ಕೃಷ್ಣಮಾಚಾರಿ ಮತ್ತು ರಮೇಶ ಭಟ್ ಹೋಗಿ ನೋಡಿ, 1977–78ರಲ್ಲಿ ಅದನ್ನು ‘ಮಲೆನಾಡಿನ ಕೌಟುಂಬಿಕ ಸಂಧಿವಾತ’ ಎಂಬರ್ಥದ ಹೆಸರಿನಿಂದ ಪ್ರಕಟಿಸಿದರು.

ಆಗ ಗದ್ದೆಗಳಿಗೆ ಎಂಡ್ರಿನ್, ಪ್ಯಾರಾಥಿಯಾನ್ ಮೊದಲಾದ ಉಗ್ರ ಕೀಟನಾಶಕಗಳು ಬಂದು ಹೆಚ್ಚು ಕಾಲವಾಗಿರಲಿಲ್ಲ. ಗದ್ದೆಯ ಏಡಿ, ಮೀನು ಹಿಡಿದು ತಿನ್ನುವವರು ಈ ಬಡವರೇ. ವಿಷ ಏಡಿಯ ಮೂಲಕ ಮೂಳೆಯನ್ನು ಸೇರಿತೇ ಎಂಬ ಸಂಶಯ ಎದ್ದದ್ದು ಸಹಜ. ಸಂಶಯ ಸಂಶಯವಾಗಿಯೇ ಉಳಿದಿದ್ದರೆ ಬಾಧಕವಿರಲಿಲ್ಲ. ಅದು ಬಾಯಿಂದ ಬಾಯಿಗೆ ಹೋಗಿ ನಿರ್ಣಯವಾಯಿತು. ಹಾಗೆ ಹೋದ ಬಾಯಿಗಳಲ್ಲಿ ನಮ್ಮದೂ ಒಂದು. ತಂಡದವರು ಕೊಟ್ಟ ಹೆಸರಿನಲ್ಲಿಯೇ ‘ಕೌಟುಂಬಿಕ’ ಎಂಬ ಮಾತಿತ್ತು ಎಂಬುದನ್ನು ನಾವು ಯಾರೂ ನೋಡಲಿಲ್ಲ.

ಅನಂತರ ಭಾರತೀಯ ವೈದ್ಯಕೀಯ ಸಂಶೋಧನ ಪರಿಷತ್ತಿನ ಆಶ್ರಯದಲ್ಲಿ ಹೆಚ್ಚಿನ ಪರಿಶೀಲನೆ ನಡೆಯಿತು. ಲಖನೌದ ಎಸ್. ಎಸ್. ಅಗರ್ವಾಲ್ ಮತ್ತು ಸಂಗಡಿಗರು ಕುಟುಂಬಗಳ ವಂಶವೃಕ್ಷ ಬರೆದು, ಎಕ್ಸ್‌ರೇ ತೆಗೆದು, 1994ರಲ್ಲಿ ಪ್ರಕಟಿಸಿದ ಅಭಿಪ್ರಾಯ ಬೇರೆ. ಇದು ಬೆನ್ನೆಲುಬು ಮತ್ತು ಉದ್ದ ಮೂಳೆಗಳ ತುದಿ ಬೆಳೆಯುವ ಕ್ರಮದಲ್ಲಿಯೇ ಇರುವ ದೋಷ. ತಂದೆ ಅಥವಾ ತಾಯಿ ಒಬ್ಬರಿಂದ ಬಂದರೂ ಸಾಕು. ಅಂಥವರ ಪ್ರತಿಯೊಂದು ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ. ಮೂಳೆಯ ತುದಿಯ ಮೆಲುಮೂಳೆಯಿಂದ ಗಟ್ಟಿಮೂಳೆ ಬೆಳೆಯುವ ಆ ಹಳೆಯ ಕ್ರಮ, ಮೀನಿನ ಕಾಲದಿಂದ ಬಂದ ಕ್ರಮ, ಇಲ್ಲಿ ಎಡವುತ್ತದೆ. ಬಿರ್ಲಾ ಕೇಂದ್ರದಲ್ಲಿ ನಾವು ಮಂಡಿಯನ್ನು ನೋಡುತ್ತ ನಿಂತದ್ದು ಇದಕ್ಕೇ.

ಏಡಿಯ ಮಾತು ಹೋಗಿ ವಂಶದ ಮಾತು ಬಂದುದರಿಂದ ಆ ಕುಟುಂಬಗಳಿಗೆ ಏನು ದೊರಕಿತು? ಇದು ದೊಡ್ಡಮ್ಮನ ಎರಡನೆಯ ಪ್ರಶ್ನೆ. ನೋವಿಗೆ ಔಷಧಿ, ಸೊಂಟದ ಕೀಲು ಬದಲಿಸುವ ಶಸ್ತ್ರಚಿಕಿತ್ಸೆ ಉಂಟು; ಬೇರನ್ನು ಕೀಳುವ ಚಿಕಿತ್ಸೆ ಇಲ್ಲ. ಆದರೂ ನಿ‌ರ್ಣಯ ಬದಲಾದದ್ದು ಸಣ್ಣ ಸಂಗತಿಯಲ್ಲ. ತಿನ್ನಬಾರದ್ದನ್ನು ತಿಂದು ರೋಗ ತಂದುಕೊಂಡರೆಂಬ ಅಪವಾದ ಕಳೆಯಿತು. ನೀರಿನಿಂದ, ಮುಟ್ಟಿದರಿಂದ ಹರಡುವುದಲ್ಲವೆಂದು ನೆರೆಯವರಿಗೆ ಹೇಳಲು ಆಧಾರ ಸಿಕ್ಕಿತು. ಮದುವೆಯ ಮುಂಚೆ ತಿಳಿದವರ ಸಲಹೆ ಕೇಳುವ ದಾರಿ ತೆರೆಯಿತು. ಅದೇ ಹೊತ್ತಿಗೆ ಹೊಸ ಅಪವಾದವೂ ಕಾದಿರುತ್ತದೆ. “ಆ ರಕ್ತದವರು” ಎಂದುಬಿಡುವುದು “ಏಡಿ ತಿಂದವರು” ಎನ್ನುವುದಕ್ಕಿಂತ ಕ್ರೂರವಾದೀತು. ಹಬ್ಸಿಗೂಡದ ಸಿ.ಸಿ.ಎಂ.ಬಿ.ಯವರು ಇತರರೊಡನೆ ಕೂಡಿ 2009ರಲ್ಲಿ ತಿಳಿಸಿದ್ದನ್ನು ಅಂಥವರಿಗೆ ಹೇಳಬೇಕು: ಹೃದಯದ ಸ್ನಾಯುವಿನ ಒಂದು ವಂಶವಾಹಿಯಲ್ಲಿ 25 ಅಕ್ಷರಗಳು ಬಿಟ್ಟುಹೋಗಿರುವ ದೋಷ ನಮ್ಮ ದೇಶದಲ್ಲಿ ನೂರಕ್ಕೆ ಸುಮಾರು ನಾಲ್ಕು ಮಂದಿಯಲ್ಲಿದೆ, ಅದು ಒಂದು ಜಾತಿ, ಒಂದು ಪ್ರಾಂತಕ್ಕೆ ಸೇರಿದ್ದಲ್ಲ. ನಮ್ಮ ಸಂಘದ ಸದಸ್ಯರು ನೂರು ಮಂದಿ ಸೇರಿದ ದಿನ ಆ ನಾಲ್ವರು ಯಾರೆಂದು ಯಾರು ಬಲ್ಲರು?

ಲೇಖನ ಬರೆದು ಮುಗಿಸಿ ದೊಡ್ಡಮ್ಮನವರ ಮನೆಗೆ ಹೋಗಿ ಓದಿ ಹೇಳಿದೆವು. ಕಲ್ಲುಮೀನಿನ ಭಾಗಕ್ಕೆ ಕಣ್ಣು ಮುಚ್ಚಿಕೊಂಡಿದ್ದರು. ನಿದ್ದೆ ಹೋದರೋ ಏನೋ. ಹಂದಿಗೋಡಿಗೆ ಬಂದಾಗ ಕಣ್ಣು ತೆರೆದರು. “ಎಲ್ಲ ಸರಿ. ಆದರೆ ರೋಗಕ್ಕೆ ಆ ಊರ ಹೆಸರು ಯಾಕೆ ಇಟ್ಟರು? ಆ ಊರಿಗೆ ಹೆಣ್ಣು ಕೊಡೋರು, ತರೋರು ಏನು ಅಂದ್ಕೊಳ್ಳಲ್ಲ?” ಎಂದರು. ಅದೇ ಜಿಲ್ಲೆಯ ಕ್ಯಾಸನೂರಿನ ಹೆಸರೂ 1957ರಿಂದ ಮಂಗನ ಕಾಯಿಲೆಗೆ ಅಂಟಿಕೊಂಡು ಜಗತ್ತಿನ ವೈದ್ಯಗ್ರಂಥಗಳಲ್ಲೆಲ್ಲ ಇದೆ. ಹೊಸ ರೋಗಗಳಿಗೆ ಊರಿನ ಹೆಸರನ್ನಾಗಲಿ ಜನರ ಹೆಸರನ್ನಾಗಲಿ ಇಡಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಸೂಚಿಸಿದೆಯೆಂದು ನಾವು ಹೇಳಿದೆವು. “ಹಳೇದಕ್ಕೆ?” ಎಂದು ಕೇಳಿದರು. ಹಳೆಯದಕ್ಕೆ ಅದು ಅನ್ವಯಿಸುವುದಿಲ್ಲ ಎಂದೆವು. ದೊಡ್ಡಮ್ಮ ಏನೂ ಹೇಳದೆ ಒಳಗೆ ಹೋಗಿ ಕಾಫಿ ತಂದರು.